ನಿಮಗಿದು ಗೊತ್ತೇ? ಅಲ್ಯೂಮಿನಿಯಂ ಸೆಕ್ಷನ್ನಿಗೆ ಗರಗಸ ಹಾಕುವ ಮುನ್ನ

● ಮರ ಕುಯ್ಯುವ ಮೈಟರ್ ಸಾ ಯಂತ್ರದಲ್ಲೇ ಅಲ್ಯೂಮಿನಿಯಂ ಸೆಕ್ಷನ್ನನ್ನೂ ಕತ್ತರಿಸಬಹುದು. ಬದಲಿಸಬೇಕಾದದ್ದು ಬ್ಲೇಡು ಮಾತ್ರ. ಅದೇ ಯಂತ್ರಕ್ಕೆ ಕಬ್ಬಿಣದ ಪೈಪು ಕೊಟ್ಟರೆ ಮೊದಲ ಕಡಿತಕ್ಕೇ ಹಲ್ಲು ಉದುರುತ್ತದೆ. ಎಲ್ಲಾ ವೇಗದ ಮಹಿಮೆ. 10 ಅಂಗುಲದ ಬ್ಲೇಡು ನಿಮಿಷಕ್ಕೆ 3,500 ಸುತ್ತು ತಿರುಗಿದರೆ ಅದರ ಹಲ್ಲಿನ ತುದಿ ಆ ಒಂದು ನಿಮಿಷದಲ್ಲಿ ಸುಮಾರು 2,800 ಮೀಟರ್ ಓಡಿರುತ್ತದೆ. ಅಂದರೆ ಗಂಟೆಗೆ 165 ಕಿಲೋಮೀಟರಿಗೂ ಮಿಗಿಲು. ಕಾರ್ಬೈಡ್ ಹಲ್ಲಿದ್ದರೆ ಅಲ್ಯೂಮಿನಿಯಂ ಈ ಓಟವನ್ನು ಆರಾಮವಾಗಿ ಸಹಿಸುತ್ತದೆ. ಹೈಸ್ಪೀಡ್ ಸ್ಟೀಲ್ ಹಲ್ಲಿನಿಂದ ಮೆದು ಉಕ್ಕನ್ನು ಕುಯ್ಯುವಾಗ ವೇಗ ನಿಮಿಷಕ್ಕೆ 30 ಮೀಟರಿನ ಆಸುಪಾಸಿನಲ್ಲೇ ಇರಬೇಕು.

● ಅಂಗಡಿಯಲ್ಲಿ ‘ಸೆಕ್ಷನ್ ಕೊಡಿ’ ಎಂದು ಕೇಳಿ ತರುವ ಆ ಉದ್ದನೆಯ ಪಟ್ಟಿಗಳು ಕರಗಿಸಿ ಎರೆದು ಮಾಡಿದವಲ್ಲ. 450ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ, ಆದರೆ ಇನ್ನೂ ಗಟ್ಟಿಯಾಗಿಯೇ ಇರುವ ಅಲ್ಯೂಮಿನಿಯಂ ದಿಮ್ಮಿಯನ್ನು ಉಕ್ಕಿನ ಡೈ ಮೂಲಕ ಭಾರಿ ಒತ್ತಡದಲ್ಲಿ ತಳ್ಳುತ್ತಾರೆ. ಚಕ್ಕುಲಿ ಒರಳಿನ ಬಿಲ್ಲೆ ಬದಲಿಸಿದ ಹಾಗೆ ಡೈ ಬದಲಿಸಿದರೆ ಸಾಕು, ಅದೇ ಯಂತ್ರದಿಂದ ಕಿಟಕಿಯ ಟ್ರ್ಯಾಕೂ ಬರುತ್ತದೆ, ಯಂತ್ರದ ಚೌಕಟ್ಟಿಗೆ ಹಾಕುವ ಟಿ-ಸ್ಲಾಟ್ ಕಂಬವೂ ಬರುತ್ತದೆ.

ಒಳಗೆ ಟೊಳ್ಳಿರುವ ಚೌಕ ಪೈಪಿನ ಕಥೆ ಇನ್ನೂ ಸ್ವಾರಸ್ಯ. ಡೈ ನಡುವೆ ನಿಂತ ಗೂಟವನ್ನು ಹಿಡಿದಿಡಲು ಅಡ್ಡಪಟ್ಟಿಗಳು ಬೇಕು. ಬಿಸಿ ಲೋಹ ಆ ಪಟ್ಟಿಗಳಿಗೆ ಎದುರಾದಾಗ ನಾಲ್ಕಾರು ಹೋಳಾಗಿ ಸೀಳಿ, ಅವನ್ನು ದಾಟಿದ ಮೇಲೆ ಡೈ ಒಳಗೇ ಒತ್ತಡಕ್ಕೆ ಮತ್ತೆ ಬೆಸೆದುಕೊಳ್ಳುತ್ತದೆ. ಕರಗುವುದೇ ಇಲ್ಲ, ಆದರೂ ಬೆಸುಗೆ ಪೂರ್ತಿ! ನಿಮ್ಮ ಮನೆಯ ಕಿಟಕಿಯ ಪೈಪಿನಲ್ಲೂ ಇಂಥ ಕಾಣದ ಬೆಸುಗೆಗಳು ಉದ್ದಕ್ಕೂ ಇರಬಹುದು.

● ಈ ಒತ್ತುವ ವಿದ್ಯೆ ಅಲ್ಯೂಮಿನಿಯಂ ಉದ್ಯಮಕ್ಕಿಂತ ಹಳೆಯದು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1797ರಲ್ಲೇ ಸೀಸದ ಕೊಳವೆಗಾಗಿ ಪೇಟೆಂಟ್ ಪಡೆದಿದ್ದ. ಹಿತ್ತಾಳೆ ಮುಂತಾದ ಗಟ್ಟಿ ಲೋಹಗಳನ್ನು ಬಿಸಿಯಲ್ಲಿ ಒತ್ತುವ ಯಂತ್ರ ಬಂದದ್ದು 1894ರಲ್ಲಿ, ಅಲೆಕ್ಸಾಂಡರ್ ಡಿಕ್ ಎಂಬಾತನಿಂದ.

● ಮೆದು ಲೋಹ, ಕತ್ತರಿಸುವುದೇನು ಮಹಾ ಎನ್ನುವವರಿಗೆ ಒಂದು ಮಾತು. ಗರಗಸದ ಮಟ್ಟಿಗೆ ಮೆದುವೇ ತೊಂದರೆ. ಅಲ್ಯೂಮಿನಿಯಂ ಮೆದುವಾದಷ್ಟೂ ಅಂಟು ಜಾಸ್ತಿ. ಸರಿಯಾದ ಬ್ಲೇಡು ಹಾಕದೆ, ಎಣ್ಣೆ ಮುಟ್ಟಿಸದೆ ಹತ್ತಾರು ಕಡಿತ ಮಾಡಿ, ಪ್ಲಗ್ ಕಿತ್ತು, ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿ. ಹಲ್ಲಿನ ತುದಿಯಲ್ಲೇ ಬೆಳ್ಳಗೆ, ಚಿಕ್ಕ ಬೊಬ್ಬೆಯಂತೆ ಲೋಹ ಮೆತ್ತಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಬರುವುದಿಲ್ಲ, ಬೆಸುಗೆ ಹಾಕಿದಷ್ಟು ಗಟ್ಟಿ. ಈಗ ಕತ್ತರಿಸುತ್ತಿರುವುದು ಕಾರ್ಬೈಡಿನ ಅಂಚಲ್ಲ, ಆ ಮೊಂಡು ಬೊಬ್ಬೆ. ಅದು ಕುಯ್ಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಮತ್ತಷ್ಟು ಅಂಟು. ಕೊನೆಗೊಂದು ಸಲ ಆ ಬೊಬ್ಬೆ ಕಿತ್ತು ಬರುವಾಗ ಹಲ್ಲಿನ ಚೂರನ್ನೂ ಜೊತೆಗೆ ಕಿತ್ತುಕೊಂಡು ಬರುತ್ತದೆ.

● ಕಿಟಕಿ, ಬಾಗಿಲಿಗೆ ಬಳಸುವ ಸಾಮಾನ್ಯ ಮಿಶ್ರಲೋಹದ ಸಂಖ್ಯೆ 6063. ಅದರಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಎರಡೂ ಶೇ. 1ಕ್ಕಿಂತ ಕಡಿಮೆ. ಅಷ್ಟು ಚಿಟಿಕೆಯಿಂದಲೇ ಲೋಹಕ್ಕೆ ಬಲ. ಸಂಖ್ಯೆಯ ಮುಂದೆ ಟಿ5, ಟಿ6 ಎಂದಿದ್ದರೆ ಆ ಸೆಕ್ಷನ್ನನ್ನು ಒತ್ತಿದ ಮೇಲೆ 200 ಡಿಗ್ರಿ ಆಸುಪಾಸಿನ ಒಲೆಯಲ್ಲಿ ಕೆಲವು ಗಂಟೆ ಇಟ್ಟು ಗಟ್ಟಿ ಮಾಡಿದ್ದಾರೆ ಎಂದರ್ಥ. ಗರಗಸಕ್ಕೂ ಇದೇ ಇಷ್ಟ, ಚೂರು ಮುರಿದು ಹಾರುತ್ತದೆ, ಮೆತ್ತುವುದು ಕಡಿಮೆ. ಅಲ್ಯೂಮಿನಿಯಂ ಮಿಶ್ರಲೋಹ ಸುಮ್ಮನೆ ಬಿಟ್ಟರೂ ದಿನ ಕಳೆದಂತೆ ತಾನಾಗಿ ಗಟ್ಟಿಯಾಗುತ್ತದೆ ಎಂಬುದನ್ನು 1906ರಲ್ಲಿ ಕಂಡುಕೊಂಡವನು ಜರ್ಮನಿಯ ಆಲ್‌ಫ್ರೆಡ್ ವಿಲ್ಮ್. ಅದರಿಂದಲೇ ವಿಮಾನಗಳ ಡ್ಯೂರಾಲುಮಿನ್ ಹುಟ್ಟಿತು.

● ಬ್ಲೇಡಿನ ಹಲ್ಲು ಯಾವ ಕಡೆ ವಾಲಿದೆ ಎಂದು ನೋಡಿದ್ದೀರಾ? ಮರದ ಬ್ಲೇಡಿನ ಹಲ್ಲು ಸಾಮಾನ್ಯವಾಗಿ ಮುಂದಕ್ಕೆ ಬಾಗಿರುತ್ತದೆ, ಮರವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಈ ಎಳೆತವೇ ಅಪಾಯ. ತೆಳು ಗೋಡೆಯ ಸೆಕ್ಷನ್ನನ್ನು ಹಲ್ಲು ಕಚ್ಚಿ ಎಳೆದರೆ ಯಂತ್ರ ಗಕ್ಕನೆ ನಿಲ್ಲಬಹುದು, ಇಲ್ಲವೇ ಸೆಕ್ಷನ್ನೇ ಮೇಲೆದ್ದು ಹಾರಬಹುದು. ಹಾಗಾಗಿ ಅಲ್ಯೂಮಿನಿಯಂಗೆಂದು ಮಾಡಿದ ಬ್ಲೇಡಿನಲ್ಲಿ ಹಲ್ಲು ಕೊಂಚ ಹಿಂದಕ್ಕೆ ವಾಲಿರುತ್ತದೆ. ಹಲ್ಲಿನ ಸಂಖ್ಯೆಯೂ ಹೆಚ್ಚು, 10 ಅಂಗುಲದ ಬ್ಲೇಡಿಗೆ 80ರಿಂದ 100. ಅವುಗಳ ಆಕಾರವೂ ಒಂದೇ ಅಲ್ಲ. ಒಂದು ಹಲ್ಲಿನ ಎರಡೂ ಮೂಲೆ ಸವರಿರುತ್ತದೆ, ಪಕ್ಕದ್ದು ಚಪ್ಪಟೆ. ಮೊದಲನೆಯದು ನಡುವೆ ಕಾಲುವೆ ತೋಡುತ್ತದೆ, ಹಿಂದೆ ಬರುವುದು ಅಂಚುಗಳನ್ನು ಸರಿಮಾಡುತ್ತದೆ. ಕೆಲಸ ಹಂಚಿಕೊಂಡ ಹಲ್ಲಿಗೆ ಆಯುಸ್ಸು ಜಾಸ್ತಿ.

ಬ್ಲೇಡಿನ ಮೇಲೆ ಗರಿಷ್ಠ ಸುತ್ತಿನ ಸಂಖ್ಯೆ ಕೊರೆದಿರುತ್ತದೆ. ಯಂತ್ರದ ವೇಗ ಅದಕ್ಕಿಂತ ಹೆಚ್ಚಿದ್ದರೆ ಆ ಬ್ಲೇಡು ಆ ಯಂತ್ರಕ್ಕಲ್ಲ. ಆ ಮಿತಿ ಮೀರಿ ತಿರುಗುವ, ಕೈಯಲ್ಲಿ ಹಿಡಿಯುವ ಆ್ಯಂಗಲ್ ಗ್ರೈಂಡರಿಗೆ ಹಲ್ಲಿನ ಬ್ಲೇಡು ಸಿಕ್ಕಿಸುವ ಚಾಳಿ ನಮ್ಮ ಅನೇಕ ಅಂಗಡಿಗಳಲ್ಲಿದೆ. ಅದರಷ್ಟು ಕೆಟ್ಟ ಉಳಿತಾಯ ಬೇರೊಂದಿಲ್ಲ.

● ಬೆಂಗಳೂರಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಕಾರ್ಬೈಡ್ ಹಲ್ಲು ಇವತ್ತಿಗೂ ‘ವಿಡಿಯಾ’. ಅದು ಜರ್ಮನಿಯ ಕ್ರುಪ್ ಕಂಪನಿ 1926ರಲ್ಲಿ ಮಾರುಕಟ್ಟೆಗೆ ತಂದ ಟಂಗ್‌ಸ್ಟನ್ ಕಾರ್ಬೈಡಿನ ಹೆಸರು. 1960ರ ದಶಕದಲ್ಲಿ ತುಮಕೂರು ರಸ್ತೆಯಲ್ಲಿ ವಿಡಿಯಾ ಕಾರ್ಖಾನೆ ಶುರುವಾಯಿತು. ಈಗ ಅದು ಕೆನ್ನಾಮೆಟಲ್. ಕಂಪನಿ ಬೋರ್ಡು ಬದಲಿಸಿದರೂ ಪೀಣ್ಯದ ಬಾಯಿ ಬದಲಾಗಲಿಲ್ಲ.

● ಬ್ಲೇಡಿಗೆ ಮೇಣದಬತ್ತಿ ಉಜ್ಜುವುದು ಮೂಢನಂಬಿಕೆಯಲ್ಲ. ಮೇಣವೋ ಎಣ್ಣೆಯೋ ತೆಳುವಾಗಿ ಹಲ್ಲಿಗೆ ಹತ್ತಿದ್ದರೆ ಅಲ್ಯೂಮಿನಿಯಂ ಮೆತ್ತುವುದಿಲ್ಲ. ಉಜ್ಜುವುದು ಬ್ಲೇಡು ನಿಂತಿರುವಾಗ, ಪ್ಲಗ್ ಕಿತ್ತ ಮೇಲೆ. ಹಳೆಯ ಕೈಗಳು ಸೀಮೆಎಣ್ಣೆ ಚಿಮುಕಿಸುತ್ತಿದ್ದವು. ಕೆಲಸವೇನೋ ಚೆನ್ನಾಗಿಯೇ ಆಗುತ್ತದೆ. ಆದರೆ ಮೈಟರ್ ಸಾ ಮೋಟರಿನ ಕಾರ್ಬನ್ ಬ್ರಷ್ಷುಗಳಲ್ಲಿ ಸದಾ ಸಣ್ಣ ಕಿಡಿ ಆಡುತ್ತಿರುತ್ತದೆ, ಸೀಮೆಎಣ್ಣೆಯ ಮಂಜು ಅದರ ಪಕ್ಕದಲ್ಲೇ ತೇಲುತ್ತದೆ. ನೀರಲ್ಲಿ ಬೆರೆಯುವ ಕಟಿಂಗ್ ಆಯಿಲ್ ಅಥವಾ ಮೇಣ ಸಾಕು.

● ಅಲ್ಯೂಮಿನಿಯಂ ಕುಯ್ಯುವಾಗ ಕಿಡಿ ಹಾರುವುದಿಲ್ಲ. ಕಿಡಿ ಕಂಡಿತೋ, ಒಳಗೆ ಎಲ್ಲೋ ಉಕ್ಕಿನ ಸ್ಕ್ರೂ ಅಡಗಿದೆ ಅಥವಾ ಬ್ಲೇಡು ತಗುಲಬಾರದ ಕಡೆ ತಗುಲುತ್ತಿದೆ. ತಕ್ಷಣ ಸ್ವಿಚ್ ಬಿಡಿ.

● ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುವವರೆಗೂ ಹಗಲು ಬೆಳಕಿನಲ್ಲಿ ಬಣ್ಣ ಬದಲಿಸುವುದಿಲ್ಲ. ಈಗ ತಾನೇ ಕತ್ತರಿಸಿದ ತುಂಡು ತಣ್ಣಗಿರುವಂತೆಯೇ ಕಂಡು ಕೈ ಸುಡುತ್ತದೆ. ಉಕ್ಕಿಗಿಂತ ಮೂರು ನಾಲ್ಕು ಪಟ್ಟು ಬೇಗ ಶಾಖ ಹರಿಯುವುದರಿಂದ ಕಡಿತದ ಜಾಗದಿಂದ ಗೇಣು ದೂರ ಹಿಡಿದರೂ ಬಿಸಿ ತಟ್ಟುತ್ತದೆ.

● ವೆಲ್ಡಿಂಗ್ ಅಂಗಡಿಯ ಸಾಣೆ ಚಕ್ರ, ಕಟಿಂಗ್ ವೀಲುಗಳ ಕಣ ಬಹುಪಾಲು ಅಲ್ಯೂಮಿನಿಯಂ ಆಕ್ಸೈಡ್. ಮಾಣಿಕ್ಯ, ನೀಲಮಣಿಗಳೂ ಅದೇ ಆಕ್ಸೈಡಿನ ಹರಳುಗಳು. ಮೋಸ್ ಗಡಸುತನದ ಅಳತೆಯಲ್ಲಿ ಅದಕ್ಕೆ 9, ವಜ್ರಕ್ಕೆ 10. ಇಷ್ಟು ಗಟ್ಟಿ ಚಕ್ರ ತನ್ನ ಸ್ವಂತ ಲೋಹದ ಮುಂದೆ ಸೋಲುತ್ತದೆ! ಮೆದು ಅಲ್ಯೂಮಿನಿಯಂ ಕಣಗಳ ಸಂದಿಗೆ ನುಗ್ಗಿ ತುಂಬಿಕೊಂಡರೆ ಚಕ್ರ ಸವೆಸುವುದನ್ನು ಬಿಟ್ಟು ಬಿಸಿಯಾಗುತ್ತದೆ. ಬಿಸಿಯಾದ ಚಕ್ರ ಒಡೆದು ಸಿಡಿಯಬಹುದು.

ಅಲ್ಯೂಮಿನಿಯಂ ಅನ್ನು ಸಾಣೆಗೆ ಕೊಡಬಾರದು ಎನ್ನಲು ಇನ್ನೊಂದು ಕಾರಣ ಇದಕ್ಕಿಂತ ಭಯಂಕರ. ಸಾಣೆಯ ಕೆಳಗೆ ತುಕ್ಕಿನ ಪುಡಿ, ಅದರ ಜೊತೆಗೆ ಅಲ್ಯೂಮಿನಿಯಂ ಧೂಳು ಸೇರಿದರೆ ಅದು ಥರ್ಮೈಟ್. ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ 1895ರಲ್ಲಿ ಪೇಟೆಂಟ್ ಪಡೆದ ಈ ಮಿಶ್ರಣ ಹೊತ್ತಿಕೊಂಡರೆ ಶಾಖ 2,000 ಡಿಗ್ರಿ ದಾಟುತ್ತದೆ, ಕಬ್ಬಿಣ ನೀರಾಗಿ ಹರಿಯುತ್ತದೆ. ನಮ್ಮ ರೈಲು ಹಳಿಗಳ ಕೀಲುಗಳನ್ನು ಬೆಸೆಯುವುದು ಇದರಿಂದಲೇ. ಹಳಿಗೆ ಒಳ್ಳೆಯದು, ಅಂಗಡಿಯ ಮೂಲೆಗಲ್ಲ.

● ದೀಪಾವಳಿಯ ಹೂಕುಂಡದ ಬೆಳ್ಳಿ ಬೆಳಕಿನಲ್ಲೂ ಅಲ್ಯೂಮಿನಿಯಂ ಪುಡಿಯ ಪಾಲಿದೆ. ಗರಗಸದಿಂದ ಬೀಳುವ ದಪ್ಪ ಚೂರು ಹಾಗೆ ಸುಲಭಕ್ಕೆ ಹೊತ್ತುವುದಿಲ್ಲ. ಮರಳು ಕಾಗದ, ಪಾಲಿಶ್ ಚಕ್ರಗಳಿಂದ ಬರುವ ನುಣ್ಣನೆಯ ಧೂಳಿನದ್ದೇ ಭಯ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಚಕ್ರಗಳಿಗೆ ಪಾಲಿಶ್ ಮಾಡುವ ಕಾರ್ಖಾನೆಯ ಅಲ್ಯೂಮಿನಿಯಂ ಧೂಳು ಸ್ಫೋಟಿಸಿತು. ಸತ್ತವರ ಸಂಖ್ಯೆ ಕೊನೆಗೆ 146ಕ್ಕೆ ಮುಟ್ಟಿತು. ಈ ಧೂಳಿಗೆ ಬೆಂಕಿ ಬಿದ್ದರೆ ನೀರು ಹಾಕಬಾರದು, ಹೈಡ್ರೋಜನ್ ಹುಟ್ಟಿ ಬೆಂಕಿ ಮತ್ತಷ್ಟು ಏಳುತ್ತದೆ. ಒಣ ಮರಳು ಸುರಿಯಬೇಕು.

● ಬ್ಲೇಡು ಹಾಕುವಾಗ, ಕತ್ತರಿಸಿದ ತುಂಡು ಎತ್ತುವಾಗ ಗ್ಲೌಸ್ ಬೇಕು. ಗರಗಸ ತಿರುಗುವಾಗ ಬೇಡ. ಬರಿಗೈಗೆ ಹಲ್ಲು ತಗುಲಿದರೆ ಗಾಯ. ಗ್ಲೌಸಿನ ನೂಲು ಸಿಕ್ಕಿದರೆ ಬ್ಲೇಡು ಕೈಯನ್ನೇ ಒಳಗೆಳೆದುಕೊಳ್ಳುತ್ತದೆ. ಉದ್ದ ತೋಳಿನ ಅಂಗಿ, ಕೈಗೆ ಕಟ್ಟಿದ ದಾರ, ಕಡಗಕ್ಕೂ ಇದೇ ಮಾತು.

● ಸೆಕ್ಷನ್ ಹಾರುವ ಅಪಘಾತಗಳ ಹಿಂದೆ ಒಂದು ಮುಗ್ಧ ಮರದ ತುಂಡಿರುತ್ತದೆ. ಒಂದೇ ಅಳತೆಯ ಹತ್ತಾರು ತುಂಡು ಬೇಕಾದಾಗ ಸೆಕ್ಷನ್ನಿನ ತುದಿ ಹೋಗಿ ತಾಗಲೆಂದು ಯಂತ್ರದ ಬೇಲಿಗೆ (ಫೆನ್ಸ್) ಕ್ಲ್ಯಾಂಪ್ ಮಾಡುವ ಅಡ್ಡಗಟ್ಟೆ ಅದು. ಕಡಿತ ಮುಗಿದ ಕ್ಷಣ ಬೇರೆಯಾದ ತುಂಡು ಅಡ್ಡಗಟ್ಟೆಗೂ ತಿರುಗುತ್ತಿರುವ ಬ್ಲೇಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕೊಂಚ ಓರೆಯಾದರೂ ಸಾಕು, ಹಲ್ಲು ಅದನ್ನು ಎತ್ತಿ ಎಸೆಯುತ್ತದೆ. ಅಳತೆ ಹೊಂದಿಸಿ, ಸೆಕ್ಷನ್ನನ್ನು ಕ್ಲ್ಯಾಂಪಿನಿಂದ ಬಿಗಿದು, ಆಮೇಲೆ ಅಡ್ಡಗಟ್ಟೆಯನ್ನು ಹಿಂದಕ್ಕೆ ಸರಿಸಿದರೆ ಬೀಳುವ ತುಂಡಿಗೆ ಜಾಗ ಸಿಗುತ್ತದೆ. ಕಡಿತ ಮುಗಿದೊಡನೆ ಹಿಡಿಯನ್ನು ಮೇಲೆತ್ತಬಾರದು. ಸ್ವಿಚ್ ಬಿಟ್ಟು, ಬ್ಲೇಡು ಪೂರ್ತಿ ನಿಂತ ಮೇಲೆ ಎತ್ತಬೇಕು. ಇಷ್ಟೇ ಶಿಸ್ತು. ಇಷ್ಟನ್ನೂ ಪಾಲಿಸದವರೇ ಹೆಚ್ಚು.

ಕೈಯಲ್ಲಿ ಒತ್ತಿ ಹಿಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು.

● 12 ಅಡಿಯ ಸೆಕ್ಷನ್ ಎಂದರೆ 3,658 ಮಿಲಿಮೀಟರ್. ಅದರಲ್ಲಿ 365 ಮಿಲಿಮೀಟರಿನ ತುಂಡು ಎಷ್ಟು? ಹತ್ತು ಎಂದವರು ಗರಗಸವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪ್ರತಿ ಕಡಿತಕ್ಕೆ ಬ್ಲೇಡು ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. ಒಂಬತ್ತು ಕಡಿತಕ್ಕೆ 27. ಕೊನೆಗೆ ಕೈಗೆ ಬರುವ ಹತ್ತನೆಯ ತುಂಡಿನ ಉದ್ದ 346 ಮಾತ್ರ. ಕಾರ್ಖಾನೆಯಿಂದ ಬಂದ ತುದಿ ಓರೆಯಾಗಿದ್ದರೆ ಅದನ್ನು ಸವರಲು ಇನ್ನೊಂದಿಷ್ಟು ಹೋಗುತ್ತದೆ. ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಬರೆದುಕೊಂಡರೆ ಒಂದು ಸೆಕ್ಷನ್ನಿನ ದುಡ್ಡು ಉಳಿಯುತ್ತದೆ.

● 25 ಮಿಲಿಮೀಟರ್ ಚೌಕದ, ಒಂದೂವರೆ ಮಿಲಿಮೀಟರ್ ದಪ್ಪದ 12 ಅಡಿ ಪೈಪಿನ ತೂಕ ಸುಮಾರು 1.4 ಕಿಲೋ. ಅದೇ ಅಳತೆಯ ಉಕ್ಕಿನ ಪೈಪು 4 ಕಿಲೋ ದಾಟುತ್ತದೆ. ಸೆಕ್ಷನ್ನನ್ನು ತೂಕಕ್ಕೆ ಕೊಳ್ಳುವವರು ಗೋಡೆಯ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದೇ ಕೊಳ್ಳಲಿ.

● ಬಿಸಿಲಲ್ಲಿಟ್ಟ ಸೆಕ್ಷನ್ ಬೆಳೆದಿರುತ್ತದೆ. ಪ್ರತಿ ಡಿಗ್ರಿಗೆ ಪ್ರತಿ ಮೀಟರಿನಲ್ಲಿ ಅಲ್ಯೂಮಿನಿಯಂ 0.023 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕಿನ ಸುಮಾರು ಎರಡು ಪಟ್ಟು. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಬಿದ್ದ 3 ಮೀಟರ್ ಸೆಕ್ಷನ್ ನೆರಳಿನದಕ್ಕಿಂತ 30 ಡಿಗ್ರಿ ಹೆಚ್ಚು ಕಾದಿದ್ದರೆ ಉದ್ದ 2 ಮಿಲಿಮೀಟರ್ ಜಾಸ್ತಿ. ಆಗ ಅಳೆದು ಕತ್ತರಿಸಿದ್ದು ಸಂಜೆ ಕೂರಿಸುವಾಗ ಗಿಡ್ಡ.

● ಒಂದು ಕಿಟಕಿ ಚೌಕಟ್ಟಿಗೆ ನಾಲ್ಕು ಮೂಲೆ, 45 ಡಿಗ್ರಿಯ ಎಂಟು ಕಡಿತ. ಯಂತ್ರ ಅರ್ಧ ಡಿಗ್ರಿ ತಪ್ಪಿದ್ದರೆ ಎಂಟೂ ಸೇರಿ 4 ಡಿಗ್ರಿ. ಮೂರು ಮೂಲೆ ಮುತ್ತಿನಂತೆ ಕೂತು ನಾಲ್ಕನೆಯದು ಬಾಯಿ ಬಿಡುವುದು ಇದಕ್ಕೇ. ಆ ಬಾಯಿಗೆ ಸಿಲಿಕೋನ್ ತುಂಬಿ ಒರೆಸಿ ಕೊಟ್ಟ ಕಿಟಕಿಗಳು ಊರ ತುಂಬ ಇವೆ. ಯಂತ್ರ ನೆಟ್ಟಗಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಒಂದು ಚಪ್ಪಟೆ ಪಟ್ಟಿಯನ್ನು 90ಕ್ಕೆ ಕತ್ತರಿಸಿ, ಒಂದು ತುಂಡನ್ನು ಮಗುಚಿ, ಎರಡೂ ಕಡಿತದ ಮುಖಗಳನ್ನು ನೇರ ಅಂಚಿನ ಮೇಲೆ ಜೋಡಿಸಿ. ತಪ್ಪು ಎರಡು ಪಟ್ಟಾಗಿ ಕಾಣುತ್ತದೆ. ಚೌಕಟ್ಟು ಜೋಡಿಸಿದ ಮೇಲೆ ಎರಡೂ ಕರ್ಣ ಅಳೆಯಿರಿ. ಸಮ ಬಂದರೆ ಮೂಲೆಮಟ್ಟವೂ ಬೇಡ.

● ಯಂತ್ರವಿಲ್ಲದವರಿಗೆ ಹ್ಯಾಕ್ ಸಾ ಇದ್ದೇ ಇದೆ. ನಿಯಮ ಒಂದೇ, ಕನಿಷ್ಠ ಮೂರು ಹಲ್ಲು ಸದಾ ಲೋಹದ ಮೇಲಿರಬೇಕು. ಅಂಗುಲಕ್ಕೆ 24 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರ. ಸೆಕ್ಷನ್ನಿನ ಗೋಡೆ 1.2 ಮಿಲಿಮೀಟರ್ ಆದರೆ ನೆಟ್ಟಗೆ ಹಿಡಿದಾಗ ಒಂದೇ ಹಲ್ಲು ಕೂರುತ್ತದೆ, ಗೋಡೆ ಸಂದಿಗೆ ಸಿಕ್ಕಿ ಹಲ್ಲು ಮುರಿಯುತ್ತದೆ. ಗರಗಸವನ್ನು ಗೋಡೆಗೆ ಸುಮಾರು 20 ಡಿಗ್ರಿಗೆ ವಾಲಿಸಿದರೆ ಅದೇ ಗೋಡೆಯ ಮೇಲೆ ಮೂರು ಹಲ್ಲು ಓಡುತ್ತವೆ. ವೈಸಿನ ದವಡೆಗೆ ಮರದ ಪಟ್ಟಿ ಕೊಡಿ, ಹೊಳಪಿನ ಮೇಲೆ ಕಚ್ಚು ಬೀಳದು. ಒತ್ತುವುದು ಮುಂದೆ ತಳ್ಳುವಾಗ ಮಾತ್ರ.

● ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದರೆ ಕಾಲು ಗಂಟೆ ಅಷ್ಟೇ. ಅಲ್ಯೂಮಿನಿಯಂ ಕುಯ್ಯುವ ಗರಗಸ ಸಲೀಸಾಗಿ ಆ ಮಟ್ಟಕ್ಕೆ ಕಿರುಚುತ್ತದೆ. ಹತ್ತಿಯುಂಡೆ ಸಾಲದು, ಇಯರ್ ಮಫ್ ಬೇಕು.

● ಕಣ್ಣಿಗೆ ಬಿದ್ದ ಕಬ್ಬಿಣದ ಚೂರನ್ನು ವೈದ್ಯರು ಕೆಲವೊಮ್ಮೆ ಅಯಸ್ಕಾಂತದಿಂದ ಎಳೆಯಬಲ್ಲರು. ಅಲ್ಯೂಮಿನಿಯಂ ಚೂರಿಗೆ ಅಯಸ್ಕಾಂತ ಲೆಕ್ಕಕ್ಕಿಲ್ಲ. ಕನ್ನಡಕ ಹಾಕಿಯೇ ಕುಯ್ಯಿರಿ.

● ಬಣ್ಣದ ಅನೋಡೈಸ್ ಪದರ ಪೇಂಟಲ್ಲ, ಲೋಹದ ಮೈಯಿಂದಲೇ ಬೆಳೆಸಿದ ಆಕ್ಸೈಡ್. ದಪ್ಪ ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್. ಕತ್ತರಿಸಿದ ತುದಿಯಲ್ಲಿ ಆ ಪದರ ಇರುವುದಿಲ್ಲ. ಗಾಳಿ ತಾಗಿದ ಕೂಡಲೇ ಅಲ್ಲಿ ಹುಟ್ಟುವ ಸಹಜ ಪದರ ಕೆಲವೇ ನ್ಯಾನೋಮೀಟರ್. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಅದು ಸಾಲದು, ತುದಿಗೆ ಸೀಲೆಂಟ್ ಬಳಿಯಬೇಕು. ಅಲ್ಲಿ ಕಬ್ಬಿಣದ ಸ್ಕ್ರೂ ಹಾಕಿದರೆ ಅದರ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ.

● ಗಾರೆಯವರ ಕೆಲಸ ಮುಗಿಯುವ ಮುನ್ನ ಅಲ್ಯೂಮಿನಿಯಂ ಕಿಟಕಿ ಕೂರಿಸಬೇಡಿ. ಹಸಿ ಸಿಮೆಂಟು ಕ್ಷಾರ. ಅದು ಸಿಡಿದು ಕೂತಲ್ಲಿ ಆಕ್ಸೈಡ್ ಪದರ ಕರಗಿ ಬಿಳಿ ಕಲೆ ಉಳಿಯುತ್ತದೆ, ಮತ್ತೆ ಹೋಗುವುದಿಲ್ಲ. ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ತೆಗೆಯುವುದೂ ಇದೇ ಗುಣದಿಂದ, ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ. ಕಾರ್ಲ್ ಬೇಯರ್ 1888ರಲ್ಲಿ ಪೇಟೆಂಟ್ ಪಡೆದ ಆ ವಿಧಾನ ನಮ್ಮ ಬೆಳಗಾವಿಯ ಹಿಂಡಾಲ್ಕೊ ಘಟಕದವರೆಗೂ ಬಂದಿದೆ.

● 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಇಟ್ಟದ್ದು ಚಿನ್ನವಲ್ಲ, 2.85 ಕಿಲೋ ತೂಕದ ಅಲ್ಯೂಮಿನಿಯಂ. ಆಗ ಅದರ ಬೆಲೆ ಹೆಚ್ಚುಕಡಿಮೆ ಬೆಳ್ಳಿಯಷ್ಟು. ಎರಡೇ ವರ್ಷಕ್ಕೆ, 1886ರಲ್ಲಿ, ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಒಬ್ಬರಿಗೊಬ್ಬರು ತಿಳಿಯದೆ ವಿದ್ಯುತ್ತಿನಿಂದ ಅಗ್ಗವಾಗಿ ಅಲ್ಯೂಮಿನಿಯಂ ತೆಗೆಯುವ ದಾರಿ ಕಂಡರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ.

● ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು 13ರಿಂದ 15 ಯೂನಿಟ್ ಕರೆಂಟು ಬೇಕು. ಹಳೆಯದನ್ನು ಕರಗಿಸಲು ಬೇಕಾದ ಶಕ್ತಿ ಹೊಸದಕ್ಕೆ ಬೇಕಾದುದರ ಶೇ. 5ರಷ್ಟು. ಗರಗಸದ ಕೆಳಗೆ ಬಿದ್ದ ಚೂರನ್ನು ಗುಡಿಸಿ ಎಸೆಯಬೇಡಿ, ಡಬ್ಬದಲ್ಲಿ ತುಂಬಿಡಿ. ಗುಜರಿಯವನು ಬಂದಾಗ ಮೊದಲು ಅದರೊಳಗೆ ಅಯಸ್ಕಾಂತ ಆಡಿಸುತ್ತಾನೆ. ಕಬ್ಬಿಣದ ಪುಡಿ ಅಂಟಿದರೆ ದರ ಇಳಿಸುತ್ತಾನೆ. ಅವನಿಗಿಂತ ಮೊದಲು ನೀವೇ ಒಮ್ಮೆ ಅಯಸ್ಕಾಂತ ಆಡಿಸಿಬಿಡಿ.